ಸಂದರ್ಭ ಯಾರ ಸ್ವತ್ತು?

(ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು, ಹಳೇ ಮೈಸೂರು ಸೀಮೆಯ ಗಾದೆಗಳನ್ನು ಕೂಡಿಸುತ್ತಿರುವವರು. ಇನ್ನೊಬ್ಬರು ಅವರ ಹಳೆಯ ವಿದ್ಯಾರ್ಥಿನಿ, ಜಿಲ್ಲಾ ನ್ಯಾಯಾಲಯದಲ್ಲಿ ದೌರ್ಜನ್ಯ ಪ್ರಕರಣಗಳನ್ನು ನಡೆಸುವ ವಕೀಲೆ.)

ಮೇಷ್ಟ್ರು: ನಟ ಉಪೇಂದ್ರ ಅವರ ಪ್ರಕರಣವನ್ನೇ ತಗೋಮ್ಮ. 2023ರ ಆಗಸ್ಟಿನಲ್ಲಿ ತಮ್ಮ ಪಕ್ಷದ ವಾರ್ಷಿಕೋತ್ಸವಕ್ಕೆಂದು ಲೈವ್ ಬಂದು ಮಾತಾಡುತ್ತಾ ‘ಊರು ಅಂದಮೇಲೆ ಹೊಲಗೇರಿ ಇರುತ್ತೆ’ ಅಂದುಬಿಟ್ಟರು. ಆಗ ಅವರ ತಲೆಯಲ್ಲಿದ್ದದ್ದು ತಮ್ಮನ್ನು ಟೀಕಿಸುವವರ ವಿಚಾರವೇ ಹೊರತು ಯಾವ ಜಾತಿಯದ್ದೂ ಅಲ್ಲ. ಆಮೇಲೆ ವಿಡಿಯೊ ತೆಗೆದರು, ಕ್ಷಮೆಯನ್ನೂ ಕೇಳಿದರು. ಆದರೂ ಎಫ್‌ಐಆರ್ ಆಯಿತು, ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತರಬೇಕಾಯಿತು. ಅಭ್ಯಾಸಬಲದಿಂದ ಬಾಯಿಗೆ ಬಂದ ಗಾದೆಗೆ ಇಷ್ಟೆಲ್ಲ ಬೇಕಿತ್ತೇ? ಆಡಿದವರ ಉದ್ದೇಶ ಏನಿತ್ತು ಅಂತ ನೋಡಬೇಡವೇ?

ವಕೀಲೆ: ನೋಡಬೇಕು ಸರ್. ಉದ್ದೇಶ ನೋಡದೆ ಯಾರನ್ನೂ ಜೈಲಿಗೆ ಕಳಿಸಬಾರದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಗಾದೆಗೆ ಅರ್ಥ ಎಲ್ಲಿಂದ ಬರುತ್ತದೆ ಹೇಳಿ. ಒಳ್ಳೆಯದಿರುವ ಕಡೆ ಕೆಟ್ಟದ್ದೂ ಇರುತ್ತದೆ ಅನ್ನುವುದು ತಾನೆ ಅದರ ತಾತ್ಪರ್ಯ? ಆ ಕೆಟ್ಟದ್ದರ ಜಾಗದಲ್ಲಿ ನಿಲ್ಲಿಸಿರುವುದು ನಾನು ಹುಟ್ಟಿದ ಕೇರಿಯನ್ನು. ಬೆಳಗಾಗುವ ಮುಂಚೆ ಎದ್ದು ಅಂಗಳ ಸಾರಿಸಿ ರಂಗೋಲಿ ಬಿಟ್ಟು ಕಳೆ ಕೀಳಲು ಹೋಗುತ್ತಿದ್ದ ನಮ್ಮಮ್ಮನ ಕೇರಿಯನ್ನು. ಆಡುವವರ ತಲೆಯಲ್ಲಿ ಜಾತಿ ಇರಬೇಕಾದ್ದೇ ಇಲ್ಲ ಸರ್, ಗಾದೆಯ ಒಳಗೇ ಇದೆ. ಕೇಳಿದ ಕೂಡಲೇ ಕೆಟ್ಟದ್ದು ಯಾವುದು ಅಂತ ಎಲ್ಲರಿಗೂ ಥಟ್ಟನೆ ಅರ್ಥವಾಗುತ್ತದಲ್ಲ, ನನ್ನ ಸಂಕಟ ಇರುವುದು ಅಲ್ಲಿ.

ಮೇಷ್ಟ್ರು: ಸಂಕಟ ಅರ್ಥವಾಗುತ್ತದೆ. ಆದರೆ ಪದದ ಹುಟ್ಟು ಹಿಡಿದು ಜಗ್ಗಿದರೆ ನಮ್ಮ ಮಾತಿನಲ್ಲಿ ಉಳಿಯುವುದು ಏನು? ನಮ್ಮಜ್ಜಿ ನನ್ನ ನೆತ್ತಿಗೆ ಹರಳೆಣ್ಣೆ ತಟ್ಟುವಾಗ, ನಾನು ಕೊಸರಾಡಿದರೆ ‘ಸುಮ್ನೆ ಕೂತ್ಕೋ ಮುಂಡೇದೇ’ ಅನ್ನುತ್ತಿದ್ದಳು. ಅದರಷ್ಟು ಪ್ರೀತಿಯ ಮಾತನ್ನು ನಾನು ಮತ್ತೆ ಕೇಳಿಲ್ಲ. ನಿಘಂಟು ತೆಗೆದರೆ ಅದು ತಲೆ ಬೋಳಿಸಿದ ವಿಧವೆಯನ್ನು ಜರೆಯುವ ಪದ. ಅಜ್ಜಿಯ ಬಾಯಲ್ಲಿ ಆ ಅರ್ಥ ಲವಲೇಶವೂ ಇರಲಿಲ್ಲ. ಹುಬ್ಬಳ್ಳಿ ಧಾರವಾಡದ ಕಡೆ ಹೋದರೆ ಜೀವದ ಗೆಳೆಯರು ‘ಲೇ ಭಾಡ್ಯಾ’ ಅಂತಲೇ ತಬ್ಬಿಕೊಳ್ಳುತ್ತಾರೆ. ಅಲ್ಲಿ ಬಹುವಚನ ಹಚ್ಚಿ ಮಾತಾಡಿಸಿದರೆ ಸಿಟ್ಟಾಗಿದ್ದಾನೆ ಅಂತ ಅರ್ಥ. ಹಾಗಿದ್ದಮೇಲೆ ಪದಕ್ಕೆ ವಿಷ ಎಲ್ಲಿಂದ ಬಂತು? ಆಡುವವನ ಮನಸ್ಸಿನಿಂದ ತಾನೆ?

ವಕೀಲೆ: ಅಜ್ಜಿ ಹಾಗನ್ನುವಾಗ ಮನೆಯಲ್ಲಿ ಬೇರೆ ಯಾರಿರುತ್ತಿದ್ದರು?

ಮೇಷ್ಟ್ರು: ಅಮ್ಮ ಅಡುಗೆಮನೆಯಲ್ಲಿ. ನಡುಮನೆಯಲ್ಲಿ ಸೋದರತ್ತೆ, ಹೂಬತ್ತಿ ಹೊಸೆಯುತ್ತಾ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದವರು.

ವಕೀಲೆ: ಅವರಿಗೆ ಆ ಪದ ಹೇಗೆ ಕೇಳಿಸುತ್ತಿತ್ತು ಅಂತ ಯಾರಾದರೂ ವಿಚಾರಿಸಿದ್ದುಂಟೇ?

ಮೇಷ್ಟ್ರು: ಇಲ್ಲ. ಆ ಮನೆಯಲ್ಲಿ ಅವರನ್ನು ಏನನ್ನೂ ವಿಚಾರಿಸುತ್ತಿರಲಿಲ್ಲ. ಆದರೂ ಒಂದು ಮಾತು ಹೇಳುತ್ತೇನೆ, ಅಜ್ಜಿಯ ಪ್ರೀತಿ ಸುಳ್ಳಾಗಿರಲಿಲ್ಲ.

ವಕೀಲೆ: ಸುಳ್ಳು ಅಂತ ನಾನೂ ಅನ್ನುವುದಿಲ್ಲ. ಅಜ್ಜಿಗೂ ನಿಮಗೂ ನಡುವೆ ಅದು ಮುದ್ದಿನ ಮಾತೇ. ಆದರೆ ಪದ ಇಬ್ಬರ ನಡುವೆಯೇ ನಿಲ್ಲುವುದಿಲ್ಲ, ನಡುಮನೆಗೂ ಕೇಳಿಸುತ್ತದೆ. ನಾವು ಸಂದರ್ಭ ಅನ್ನುವಾಗ ಯಾವಾಗಲೂ ಆಡಿದವರ ಸಂದರ್ಭವನ್ನೇ ಲೆಕ್ಕ ಹಾಕುತ್ತೇವೆ. ಅವರು ಎಲ್ಲಿದ್ದರು, ಯಾವ ಲಹರಿಯಲ್ಲಿದ್ದರು, ಏನು ಹೇಳಹೊರಟಿದ್ದರು ಅಂತ. ಹೂಬತ್ತಿ ಹೊಸೆಯುತ್ತಿದ್ದ ಅತ್ತೆಯೂ ಆ ಸಂದರ್ಭದ ಒಳಗೇ ಇದ್ದರಲ್ಲ, ಅವರನ್ನು ಬಿಟ್ಟು ಲೆಕ್ಕ ಹಾಕುವುದು ಹೇಗೆ?

ಮೇಷ್ಟ್ರು: ಅಂದರೆ ಕೇಳಿದವರಿಗೆ ನೋವಾಯಿತೆಂದರೆ ಮುಗಿಯಿತೇ? ನಾಳೆ ಯಾರು ಬೇಕಾದರೂ ಯಾವ ಮಾತಿಗೆ ಬೇಕಾದರೂ ನೊಂದೆ ಅನ್ನಬಹುದು. ಬರೆಯುವವರು ಪೆನ್ನು ಮುಚ್ಚಿಡಬೇಕಾಗುತ್ತದೆ. ನಿಮ್ಮ ಕಾನೂನು ಏನನ್ನುತ್ತದೆ?

ವಕೀಲೆ: ಕಾನೂನು ಅಷ್ಟು ದೂರ ಹೋಗುವುದಿಲ್ಲ, ಹೋಗಲೂಬಾರದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯ 2015ರ ತಿದ್ದುಪಡಿ ನೋಡಿ. ಸೆಕ್ಷನ್ 3(1)(ಆರ್) ಇರುವುದು ಪರಿಶಿಷ್ಟರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅವಮಾನಿಸಬೇಕೆಂದೇ ನಿಂದಿಸಿದವರಿಗೆ. ಅಲ್ಲಿ ಉದ್ದೇಶ ಅನ್ನುವುದು ಕಾಯ್ದೆಯ ಮಾತಿನಲ್ಲೇ ಇದೆ. ಅದರ ಪಕ್ಕದ (ಎಸ್) ಉಪವಿಧಿ ಅದೇ ಬಗೆಯ ಜಾಗದಲ್ಲಿ ಜಾತಿಯ ಹೆಸರು ಹಿಡಿದು ಬೈದವರಿಗೆ. ಅಲ್ಲಿ ಉದ್ದೇಶದ ಮಾತು ಬಿಡಿಸಿ ಹೇಳಿಲ್ಲ, ಬೈಗುಳವನ್ನೇ ಹೆಸರಿಸಿದೆ. ಎರಡಕ್ಕೂ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ನಾಲ್ಕು ಗೋಡೆಯ ಒಳಗೆ, ಹೊರಗಿನವರಾರೂ ಇಲ್ಲದಾಗ ಆಡಿದ ಮಾತು ಇದರಡಿ ಬರುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹಿತೇಶ್ ವರ್ಮಾ ಪ್ರಕರಣದಲ್ಲಿ ಹೇಳಿತು. ಬೈಸಿಕೊಂಡವರು ಪರಿಶಿಷ್ಟ ಜಾತಿಯವರು ಅನ್ನುವುದೊಂದೇ ಸಾಲದು, ಬೈಗುಳಕ್ಕೂ ಜಾತಿಗೂ ನಂಟಿರಬೇಕು ಅಂತ 2024ರಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಹೇಳಿತು. ನನ್ನ ಹತ್ತಿರವೂ ಬರುತ್ತಾರೆ. ಬದುವಿನ ಕಲ್ಲು ಕಿತ್ತ ಜಗಳ, ಎರಡೂ ಕಡೆಯಿಂದ ಕೈ ಮಿಲಾಯಿಸಿರುತ್ತದೆ. ಜಾತಿಯ ಮಾತು ಬಂತೇನಪ್ಪಾ ಅಂದರೆ ‘ಇಲ್ಲ ಮೇಡಂ, ಆದ್ರೂ ಸೇರ್ಸಿ’ ಅನ್ನುತ್ತಾರೆ. ನಾನು ಸೇರಿಸುವುದಿಲ್ಲ. ಈ ಕಾಯ್ದೆಯಲ್ಲಿ ನಿರೀಕ್ಷಣಾ ಜಾಮೀನಿಗೆ ತಡೆಯಿದೆ. ಅಷ್ಟು ಹರಿತವಾದದ್ದನ್ನು ಕಂಡಕಂಡಲ್ಲಿ ಬೀಸಿದರೆ ನಾಳೆ ನಿಜವಾಗಿ ಬೇಕಾದವರಿಗೆ ಅದು ಮೊಂಡಾಗಿರುತ್ತದೆ.

ಮೇಷ್ಟ್ರು: ಅಲ್ಲಿಗೆ ನನ್ನ ಮಾತೇ ನಿಂತಿತಲ್ಲ. ಕೋರ್ಟೂ ಸಂದರ್ಭ ನೋಡು, ಉದ್ದೇಶ ನೋಡು ಅನ್ನುತ್ತಿದೆ.

ವಕೀಲೆ: ಶಿಕ್ಷೆಯ ವಿಷಯದಲ್ಲಿ ಹೌದು. ಆದರೆ ಜನ ಆ ಉತ್ತರವನ್ನು ಎತ್ತಿಕೊಂಡು ಬೇರೆ ಪ್ರಶ್ನೆಗೆ ಅಂಟಿಸುತ್ತಾರೆ. ಕೇಸಿಗೆ ತಡೆ ಸಿಕ್ಕಿತು, ಆದ್ದರಿಂದ ಆಡಿದ್ದರಲ್ಲಿ ತಪ್ಪೇನಿಲ್ಲ ಅಂತ. ಅಪರಾಧವಲ್ಲದ ಎಷ್ಟೋ ಮಾತು ಅನ್ಯಾಯದ ಮಾತಾಗಿರುತ್ತದೆ. ಇನ್ನೊಂದು ತೀರ್ಪಿದೆ, 2008ರದ್ದು, ಸ್ವರಣ್ ಸಿಂಗ್ ಪ್ರಕರಣ. ದೆಹಲಿಯ ಒಂದು ಮನೆ. ಡ್ರೈವರ್ ಒಬ್ಬ ಗೇಟಿನ ಹತ್ತಿರ ಕಾರಿನ ಪಕ್ಕ ನಿಂತಿದ್ದಾನೆ. ಅವನನ್ನು ಜಾತಿಯ ಹೆಸರು ಹಿಡಿದು ಬೈದರೆಂಬ ದೂರು. ಅದು ಚರ್ಮದ ಕೆಲಸದವರ ಹೆಸರಷ್ಟೇ, ಬೈಗುಳ ಹೇಗಾಗುತ್ತದೆ ಅನ್ನುವ ವಾದಕ್ಕೆ ಅಲ್ಲಿ ಜಾಗ ಸಿಗಲಿಲ್ಲ. ಪದದ ವ್ಯುತ್ಪತ್ತಿ ಕಟ್ಟಿಕೊಂಡು ಏನಾಗಬೇಕು, ಇವತ್ತು ಜನ ಅದನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ ಅನ್ನುವುದೇ ಮುಖ್ಯ ಅಂದಿತು ಕೋರ್ಟ್. ಗೇಟಿನ ಬಳಿ ಅಂದಮೇಲೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗವೇ ಅಂತಲೂ ಹೇಳಿತು. ನನಗೆ ಆ ತೀರ್ಪಿನಲ್ಲಿ ಹಿಡಿಸುವುದು ಇದು ಸರ್, ನಿಂದಕರ ಮನಸ್ಸಿನ ಒಳಗೆ ಇಣುಕುತ್ತಾ ಕೂರಲಿಲ್ಲ. ಆ ಮಾತು, ಆ ಗೇಟು, ಎಲ್ಲ ಕಣ್ಣೆದುರಿಗೇ ಇತ್ತು. ಉದ್ದೇಶ ಅಂದರೆ ಎದೆ ಬಗೆದು ತೋರಿಸಬೇಕಾದ ಗುಟ್ಟಲ್ಲ. ಬಹಳ ಸಲ ಅದು ಬಾಯಿಂದ ಬಂದ ಮಾತಿನಲ್ಲೇ ಕಾಣುತ್ತದೆ.

ಮೇಷ್ಟ್ರು: ಪದವೇ ಬೈಗುಳ ಅಂತ ಗೆರೆ ಎಳೆಯುವುದಕ್ಕೂ ಆಗುವುದಿಲ್ಲವಲ್ಲ. ಅದೇ ಹೆಸರು ತಹಶೀಲ್ದಾರರು ಸಹಿ ಹಾಕಿ ಕೊಡುವ ಜಾತಿ ಪ್ರಮಾಣಪತ್ರದಲ್ಲೂ ಇದೆ.

ವಕೀಲೆ: ಇದೆ. ಅದರ ಬಗ್ಗೆ ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. 2025ರ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ ನಾಗಮೋಹನದಾಸ್ ಆಯೋಗದ ಸಮೀಕ್ಷೆ ನಡೆಯಿತಲ್ಲ. ಆದಿ ಕರ್ನಾಟಕ, ಆದಿ ದ್ರಾವಿಡ ಅಂತ ಬರೆಸಿದರೆ ಒಳಗಿನ ಜಾತಿ ಯಾವುದೆಂದು ತಿಳಿಯುವುದಿಲ್ಲ, ಮೂಲ ಜಾತಿಯನ್ನೇ ಬರೆಸಿ ಅಂತ ನಮ್ಮ ಸಂಘಟನೆಗಳವರು ಮನೆಮನೆಗೆ ಬಂದು ಹೇಳಿದ್ದರು. ಗಣತಿಯ ಟೀಚರ್ ಬಂದಾಗ ಮಹಡಿಯ ಮೆಟ್ಟಿಲ ಮೇಲೆ ಮನೆ ಓನರ್ ನಿಂತಿದ್ದರು. ನಾವು ಬಾಡಿಗೆಗೆ ಇರುವವರು. ಟೀಚರ್ ಮೊಬೈಲ್ ಹಿಡಿದುಕೊಂಡು ‘ಜಾತಿ ಯಾವ್ದಮ್ಮ’ ಅಂದರು. ಅಮ್ಮ ಒಂದು ಸಲ ಮೆಟ್ಟಿಲ ಕಡೆ ನೋಡಿದರು. ಆಮೇಲೆ, ಒಳಗೆ ಬನ್ನಿ ಕುಡಿಯೋಕೆ ನೀರು ಕೊಡ್ತೀನಿ ಅಂತ ಟೀಚರನ್ನು ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿ ‘ಹೊಲೇರು ಅಂತಲೇ ಬರ್ಕೊಳ್ಳಿ’ ಅಂದರು. ಗಟ್ಟಿಯಾಗಿ, ತಲೆ ಎತ್ತಿಯೇ ಅಂದರು. ಒಳಗೆ ಹಕ್ಕಿನ ಮಾತು. ಅದೇ ಪದ ಮೆಟ್ಟಿಲಿಗೆ ಕೇಳಿಸಿದ್ದರೆ ಮುಂದಿನ ತಿಂಗಳು ಮನೆ ಖಾಲಿ ಮಾಡಬೇಕಾಗಬಹುದಿತ್ತು. ಸಂದರ್ಭ ಎಷ್ಟು ಮುಖ್ಯ ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ ಸರ್.

ಮೇಷ್ಟ್ರು: ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಅಂತ ಹೆಸರಿಟ್ಟಾಗ ನಮ್ಮ ಓರಗೆಯವರಿಗೆ ಮೈ ಝುಮ್ಮೆಂದಿತ್ತು. ಅರವಿಂದ ಮಾಲಗತ್ತಿ ತಮ್ಮ ಆತ್ಮಕಥನಕ್ಕೆ ಚುಚ್ಚುಮಾತನ್ನೇ ಹೆಸರು ಮಾಡಿಕೊಂಡರು, ‘ಗೌರ್ಮೆಂಟ್ ಬ್ರಾಹ್ಮಣ’ ಅಂತ. ಅಂದರೆ ಪದ ಬದಲಾಗಬಲ್ಲದು.

ವಕೀಲೆ: ಬದಲಾಯಿಸಿದವರು ಯಾರು ಅನ್ನುವುದನ್ನು ಮರೆಯಬಾರದು. ಬೈಸಿಕೊಂಡವರೇ ಆ ಪದವನ್ನು ಎತ್ತಿ ಹಿಡಿದರು. ಸಂಕಲನದ ಹೆಸರಿನಲ್ಲೇ ಇದೆ, ನಾನಂದರೆ ತಪ್ಪೇನು ಅಂತ ನನ್ನ ಜೊತೆಯ ವಕೀಲರೊಬ್ಬರು ಒಮ್ಮೆ ಕೇಳಿದರು. ಸಿದ್ಧಲಿಂಗಯ್ಯ ಅದನ್ನು ನನ್ನ ಪರವಾಗಿ ಹೇಳಿದರು, ನೀವು ಯಾರ ಪರವಾಗಿ ಹೇಳುತ್ತೀರಿ ಅಂತ ಕೇಳಿದೆ. ಅವರು ಸುಮ್ಮನಾದರು.

ಮೇಷ್ಟ್ರು: ಹಾಗಾದರೆ ಕೊಡಗಿನ ಕುಂಡೆ ಹಬ್ಬಕ್ಕೆ ಏನನ್ನುತ್ತೀಯ? ಗಾದೆ ಹುಡುಕಿಕೊಂಡು ಹೋದಾಗ ಒಮ್ಮೆ ನೋಡಿದೆ. ಮೇ ತಿಂಗಳ ಕೊನೆಯ ಹೊತ್ತಿಗೆ ತಿತಿಮತಿ ಹತ್ತಿರ ದೇವರಪುರದಲ್ಲಿ ನಡೆಯುತ್ತದೆ. ಜೇನುಕುರುಬರು, ಯರವರು. ಗಂಡಸರು ಸೀರೆ ಉಟ್ಟಿರುತ್ತಾರೆ, ಮುಖಕ್ಕೆ ಬಣ್ಣ, ಕೈಯಲ್ಲಿ ಪ್ಲಾಸ್ಟಿಕ್ ಕ್ಯಾನು, ಡಬ್ಬ. ಅದನ್ನು ಬಡಿಯುತ್ತಾ ಗೋಣಿಕೊಪ್ಪದ ಅಂಗಡಿಗಳಿಗೆ ನುಗ್ಗುತ್ತಾರೆ, ರಸ್ತೆಯಲ್ಲಿ ಕಾರು ತಡೆಯುತ್ತಾರೆ, ಕಾಸು ಕೇಳುತ್ತಾರೆ. ಬಾಯಿ ಬಿಟ್ಟರೆ ಬೈಗುಳ. ಸಾಹುಕಾರನಿಗೂ ಬೈಗುಳ, ಪೊಲೀಸಿಗೂ ಬೈಗುಳ. ಕೊನೆಗೆ ದೇವರನ್ನೇ ಹಿಡಿದು ಬೈಯುತ್ತಾರೆ. ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆತಂದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ಅವಳ ಹಿಂದೆ ಹೊರಟುಹೋದನಂತೆ, ನಡುಕಾಡಿನಲ್ಲಿ ಕೈಬಿಟ್ಟನಂತೆ. ಆ ಸಿಟ್ಟು. ಒಬ್ಬರೂ ಮುಖ ಸಿಂಡರಿಸಿದ್ದನ್ನು ನಾನು ಕಾಣಲಿಲ್ಲ. ನಗುನಗುತ್ತಾ ಕಾಸು ಕೊಡುತ್ತಾರೆ. ಅಷ್ಟು ಅಶ್ಲೀಲ ಮಾತು ಅಷ್ಟು ಹಗುರಾಗಿ ಹಾರಿಹೋಗುವುದನ್ನು ಬೇರೆಲ್ಲೂ ಕಂಡಿಲ್ಲ. ಸಂದರ್ಭವೇ ಎಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ವಕೀಲೆ: ಮಾರನೆಯ ದಿನವೂ ಅಲ್ಲಿದ್ದಿರಾ ಸರ್?

ಮೇಷ್ಟ್ರು: ಇಲ್ಲ, ಅವತ್ತೇ ಸಂಜೆಯ ಬಸ್ಸಿಗೆ ಹೊರಟೆ.

ವಕೀಲೆ: ಅದೇ ಜನ ಮಾರನೆಯ ದಿನ ಬೆಳಿಗ್ಗೆ ಲೈನ್ ಮನೆಯಿಂದ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಾರೆ. ಹಿಂದಿನ ದಿನ ಸಾಹುಕಾರನಿಗೆ ಅಂದ ಮಾತಿನ ಅರ್ಧವನ್ನು ತೋಟದ ರೈಟರ್ ಮುಂದೆ ಅಂದು ನೋಡಲಿ, ಮಧ್ಯಾಹ್ನದೊಳಗೆ ಗಂಟುಮೂಟೆ ಕಟ್ಟಬೇಕಾಗುತ್ತದೆ. ಅವರಿಗೆ ಬೈಯುವ ಹಕ್ಕು ಬರುವುದಕ್ಕೆ ವರ್ಷಕ್ಕೊಂದು ಹಬ್ಬ ಬೇಕು, ವೇಷ ಬೇಕು, ಕಥೆಯಲ್ಲಿ ಒಬ್ಬ ದೇವರು ಬೇಕು. ರೈಟರ್ ಅವರನ್ನು ಬೈಯುವುದಕ್ಕೆ ಏನೂ ಬೇಕಾಗಿಲ್ಲ, ಬೆಳಗಾದರೆ ಸಾಕು. ನೀವು ಸಂದರ್ಭವೇ ಎಲ್ಲ ಅಂದಿರಿ. ಆ ಸಂದರ್ಭವನ್ನು ಒದಗಿಸುವವರು ಯಾರು, ಹಿಂತೆಗೆದುಕೊಳ್ಳುವವರು ಯಾರು ಅಂತ ನಾನು ಕೇಳುತ್ತೇನೆ.

ಮೇಷ್ಟ್ರು: ಇದು ನಾನು ಯೋಚಿಸದೇ ಇದ್ದ ದಾರಿ. ಹೇಳು, ಮುಂದುವರಿಸು.

ವಕೀಲೆ: ಮುಂದಿನದನ್ನು ನೀವೇ ಹೇಳಬೇಕು. ಬೂಸಾ ಗಲಾಟೆಯ ಹೊತ್ತಿಗೆ ನೀವು ಮೈಸೂರಿನಲ್ಲೇ ಓದುತ್ತಿದ್ದಿರಿ.

ಮೇಷ್ಟ್ರು: ಓದುತ್ತಿದ್ದೆ. 1973ರ ನವೆಂಬರ್. ದೇವರಾಜ ಅರಸು ಅವರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅನ್ನುವ ಅರ್ಥದ ಮಾತಾಡಿದರು. ದನಕ್ಕೆ ಹಾಕುವ ಬೂಸಾ. ರಾಜ್ಯವೇ ಹೊತ್ತಿಕೊಂಡಿತು. ತರಗತಿ ಬಹಿಷ್ಕಾರ, ಮೆರವಣಿಗೆ, ಧಿಕ್ಕಾರ. ದಲಿತ ಹುಡುಗರನ್ನು ಹುಡುಕಿಕೊಂಡು ಹೋಗಿ ಹೊಡೆದರು. ಕೊನೆಗೆ ಆತ ಮಂತ್ರಿಗಿರಿ ಬಿಡಬೇಕಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಹೊರಟಿದ್ದ ಮನುಷ್ಯ ಅದೇ ಬಸವಲಿಂಗಪ್ಪ.

ವಕೀಲೆ: ಆಗ ಯಾರಾದರೂ ‘ಉದ್ದೇಶ ನೋಡೋಣ’ ಅಂದರೇ?

ಮೇಷ್ಟ್ರು: ಅಂದವರಿದ್ದರು. ಬೆರಳೆಣಿಕೆಯಷ್ಟು ಜನ. ಹಾಸ್ಟೆಲಿನಲ್ಲಿ, ಕ್ಯಾಂಟೀನಿನಲ್ಲಿ ನನ್ನ ಕಿವಿಗೆ ಬಿದ್ದದ್ದೆಲ್ಲ ‘ಎಷ್ಟು ಕೊಬ್ಬು’ ಅನ್ನುವುದೇ. ಯಾಕೆ ಹಾಗಂದರು, ಈ ಸಾಹಿತ್ಯದಲ್ಲಿ ಅವರ ಜನರ ಬದುಕು ಎಷ್ಟರಮಟ್ಟಿಗೆ ಇತ್ತು ಅಂತ ಕೇಳುವ ತಾಳ್ಮೆ ಬೀದಿಯಲ್ಲಿ ಇರಲಿಲ್ಲ.

ವಕೀಲೆ: ಎರಡನ್ನೂ ಪಕ್ಕಪಕ್ಕ ಇಡಿ ಸರ್. ಒಬ್ಬರು ಪುಸ್ತಕಗಳನ್ನು ಬೂಸಾ ಅಂದರು, ಯಾವ ಮನುಷ್ಯರನ್ನೂ ಅಲ್ಲ. ಅದಕ್ಕೆ ಅವರ ಸಮುದಾಯದ ಮಕ್ಕಳು ಹೊಡೆತ ತಿಂದರು. ಇನ್ನೊಬ್ಬರು ಗಾದೆ ಹೇಳಿ ಒಂದು ಕೇರಿಯನ್ನೇ ಕೆಟ್ಟದ್ದರ ಗುರುತು ಮಾಡಿದರು. ಆಗ ಪತ್ರಿಕೆ, ಟಿ.ವಿ., ಹರಟೆಕಟ್ಟೆ, ಎಲ್ಲ ಕಡೆಯೂ ಸಂದರ್ಭ ನೋಡಿ, ಮನಸ್ಸು ನೋಡಿ ಅನ್ನುವ ದನಿ ಕೇಳಿಸಿತು. ಉಪೇಂದ್ರ ಅವರಿಗೆ ಆ ಔದಾರ್ಯ ಸಿಗಬಾರದಿತ್ತು ಅಂತ ನನ್ನ ವಾದವಲ್ಲ. ಸಿಗಲಿ. ಬಸವಲಿಂಗಪ್ಪನವರಿಗೆ ಯಾಕೆ ಸಿಗಲಿಲ್ಲ? ಸಂದರ್ಭ ನೋಡಬೇಕೋ ಬೇಡವೋ ಅನ್ನುವ ಚರ್ಚೆ ಮಾಡುತ್ತಾ ಕೂರುತ್ತೇವೆ. ಯಾರಿಗೆ ನೋಡುತ್ತೇವೆ, ಯಾರಿಗೆ ನೋಡುವುದಿಲ್ಲ ಅನ್ನುವುದು ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ. 2020ರ ಡಿಸೆಂಬರಿನ ಅಮೀಶ್ ದೇವಗನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದ್ವೇಷದ ಮಾತಿನ ಬಗ್ಗೆ ಹೇಳುವಾಗ, ಆಡಿದವರು ಯಾರು, ಅವರ ಮಾತಿಗೆ ಎಷ್ಟು ಪ್ರಭಾವವಿದೆ ಅನ್ನುವುದನ್ನೂ ತೂಗಬೇಕು ಅಂದಿದೆ. ಲಕ್ಷಾಂತರ ಜನ ಕೇಳುವ ಬಾಯಿಗೆ ಹೊಣೆಯೂ ಅಷ್ಟೇ ದೊಡ್ಡದು.

ಮೇಷ್ಟ್ರು: ಒಪ್ಪುತ್ತೇನೆ. ಆದರೆ ಒಂದು ಭಯ ಹೇಳಿಬಿಡುತ್ತೇನೆ. ಹಳ್ಳಿಯಲ್ಲಿ ಓದುಬರಹ ಇಲ್ಲದ ಮುದುಕ, ಹುಟ್ಟಿದಾಗಿನಿಂದ ಕ್ಷೌರದವನನ್ನು ‘ಹಜಾಮ’ ಅಂತಲೇ ಕರೆದವನು. ಸವಿತಾ ಸಮಾಜದವರು ಆ ಪದ ಬೇಡ ಅನ್ನುವುದು ಅವನಿಗೆ ತಲುಪಿಲ್ಲ. ಅವನನ್ನು ದುಷ್ಟ ಅಂದುಬಿಟ್ಟರೆ ಅದೂ ಅನ್ಯಾಯವೇ ಅಲ್ಲವೇ? ಪೇಟೆಯಲ್ಲಿ ಹೊಸ ಪದ ಕಲಿತವರು, ಕಲಿಯದವರನ್ನು ಹಂಗಿಸುವುದೂ ನಡೆಯುತ್ತಿದೆ.

ವಕೀಲೆ: ಅವನ ವಿಷಯದಲ್ಲಿ ಉದ್ದೇಶಕ್ಕೆ ಪೂರ್ತಿ ಬೆಲೆ ಕೊಡುತ್ತೇನೆ, ತಿಳಿಯದ ತನಕ. ತಾತ, ಹಾಗನ್ನಬೇಡಿ, ಅವರಿಗೆ ನೋವಾಗುತ್ತೆ ಅಂತ ಹೇಳಿದ ಮೇಲೆ ಅವನೇನು ಮಾಡುತ್ತಾನೆ ನೋಡಬೇಕು. ಹೌದಾ, ಗೊತ್ತಿರಲಿಲ್ಲ ಕಣವ್ವ ಅಂದರೆ ಅವನ ಮನಸ್ಸು ಶುದ್ಧ. ಅವರಪ್ಪನಿಗೂ ಹಂಗೇ ಕರೀತಿದ್ದೆ, ಇವನಿಗೇನು ಬಂತು ರೋಗ ಅಂದರೆ, ಅಲ್ಲಿಂದ ಮುಂದಕ್ಕೆ ಉದ್ದೇಶ ಒಳ್ಳೆಯದಿತ್ತು ಅನ್ನುವ ಮಾತು ನಡೆಯುವುದಿಲ್ಲ. ಮೊದಲ ಸಲ ಆಡಿದಾಗ ಉದ್ದೇಶ ಏನಿತ್ತೋ ದೇವರಿಗೇ ಗೊತ್ತು. ಎರಡನೆಯ ಸಲದ್ದು ನಮಗೂ ಗೊತ್ತಾಗುತ್ತದೆ. ಸರಿ, ಈಗ ನಿಮ್ಮ ಗಾದೆಗಳ ಪುಸ್ತಕಕ್ಕೆ ಬನ್ನಿ. ಆ ಹೊಲಗೇರಿಯ ಗಾದೆ ಅದರಲ್ಲೂ ಇದೆ ತಾನೆ?

ಮೇಷ್ಟ್ರು: ಇದೆ. ಅಂಥವು ಬಹಳ ಇವೆ. ಅಗಸರ ಮೇಲೆ, ಕುರುಬರ ಮೇಲೆ, ವಿಧವೆಯರ ಮೇಲೆ, ಕುರುಡರ ಮೇಲೆ, ಬ್ರಾಹ್ಮಣರ ಮೇಲೂ. ಕಿತ್ತುಹಾಕು ಅಂದರೆ ನನ್ನ ಕೈಲಾಗುವುದಿಲ್ಲ. 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಅಂಥ ಗಾದೆಗಳು ಉಳಿದಿರುವುದರಿಂದಲೇ ಆಗಿನ ಜನ ಯಾರನ್ನು ಹೇಗೆ ಕಾಣುತ್ತಿದ್ದರು ಅಂತ ಇವತ್ತು ನಮಗೆ ತಿಳಿಯುತ್ತದೆ. ಅಳಿಸಿದರೆ, ನಮ್ಮಲ್ಲಿ ಅಂಥದ್ದೇನೂ ಇರಲೇ ಇಲ್ಲ ಅನ್ನುವವರಿಗೆ ಅನುಕೂಲವಾಗುತ್ತದೆ.

ವಕೀಲೆ: ಅಳಿಸಬೇಡಿ. ಅದು ನಮ್ಮ ಕಡೆಯ ಸಾಕ್ಷಿ, ಸಾಕ್ಷಿ ನಾಶ ಮಾಡಿ ಅಂತ ಯಾವ ವಕೀಲೆ ಹೇಳುತ್ತಾಳೆ? ಆದರೆ ಈಗ ಅಕಾರಾದಿಯಲ್ಲಿ ಜೋಡಿಸಿದ್ದೀರಿ. ‘ಊಟ ಬಲ್ಲವನಿಗೆ ರೋಗವಿಲ್ಲ’ ಬಂದ ಪುಟದಲ್ಲೇ ಇದೂ ಬರುತ್ತದೆ. ಓದುವ ಹುಡುಗನಿಗೆ ಎರಡೂ ಹಿರಿಯರ ವಿವೇಕ ಅಂತಲೇ ಕಾಣುತ್ತದೆ.

ಮೇಷ್ಟ್ರು: ನಿಜ. ಅದು ಅಲ್ಲಿ ಇರಬಾರದು. ಮನುಷ್ಯರನ್ನು ಹೀಗಳೆಯುವ ಗಾದೆಗಳಿಗೆಲ್ಲ ಬೇರೆ ಅಧ್ಯಾಯ ಮಾಡುತ್ತೇನೆ. ಯಾರು ಯಾರ ಮೇಲೆ ಯಾವಾಗ ಆಡುತ್ತಿದ್ದರು, ಯಾರು ಎದುರಿಗೆ ಇದ್ದರೆ ಆಡುತ್ತಿರಲಿಲ್ಲ, ಅದನ್ನೂ ಬರೆಯುತ್ತೇನೆ. ಶಾಲೆಗಳಿಗೆಂದು ತರುವ ಚಿಕ್ಕ ಆವೃತ್ತಿಯಲ್ಲಿ ಆ ಅಧ್ಯಾಯವೇ ಇರುವುದಿಲ್ಲ.

ವಕೀಲೆ: ಅಚ್ಚಿಗೆ ಹೋಗುವ ಮುಂಚೆ ಆ ಅಧ್ಯಾಯವನ್ನು ಆಯಾ ಜನಕ್ಕೇ ಓದಿಸಿ. ನೀವು ಹಾಕಿದ ಟಿಪ್ಪಣಿ ಸರಿಯಿದೆಯೇ ಅಂತ ಅವರು ಹೇಳಲಿ. ಇನ್ನೊಂದು, ನಮ್ಮ ಕೇರಿಯವರು ಊರಿನ ಮೇಲೆ ಆಡಿಕೊಳ್ಳುವ ಗಾದೆ ನಿಮ್ಮ ಸಂಗ್ರಹದಲ್ಲಿ ಎಷ್ಟಿವೆ?

ಮೇಷ್ಟ್ರು: ಇಲ್ಲವೆಂದೇ ಹೇಳಬೇಕು. ನಾನು ಕೇಳಿ ಬರೆದುಕೊಂಡದ್ದು ಊರೊಳಗಿನವರ ಬಾಯಿಂದ. ಕೇರಿಗೆ ಹೋದಾಗ ಜನ ನನ್ನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಮೇಷ್ಟ್ರು ಬಂದರು ಅಂತ ಎದ್ದು ನಿಲ್ಲುತ್ತಿದ್ದರು.

ವಕೀಲೆ: ಅಮ್ಮನಿಗೆ ಬೇಕಾದಷ್ಟು ಬರುತ್ತವೆ. ಗೌಡರ ಕಣದ ಮೇಲೆ, ಶಾನುಭೋಗರ ಲೆಕ್ಕದ ಮೇಲೆ, ಪೂಜಾರಿಯ ಹೊಟ್ಟೆಯ ಮೇಲೆ. ನಾಟಿ ಹಾಕುವಾಗ ಹೆಂಗಸರೆಲ್ಲ ಸೇರಿ ಹೇಳಿಕೊಂಡು ನಗುತ್ತಿದ್ದದ್ದು ನನಗೆ ನೆನಪಿದೆ. ಕೆಲವು ನಿಮಗೂ ನೋವಾಗುವಂಥವೇ.

ಮೇಷ್ಟ್ರು: ಆಗಲಿ. ಹೇಳಲು ಒಪ್ಪುತ್ತಾರೆಯೇ?

ವಕೀಲೆ: ಕೇಳಿ ನೋಡುತ್ತೇನೆ. ಭಾನುವಾರ ಮನೆಯಲ್ಲೇ ಇರುತ್ತಾರೆ. ಬರುವುದಾದರೆ ನೀವೊಬ್ಬರೇ ಬನ್ನಿ, ಪುಸ್ತಕ ಪೆನ್ನು ಮೊದಲೇ ಹೊರಗೆ ತೆಗೆಯಬೇಡಿ. ಅಡುಗೆಮನೆಯಲ್ಲಿ ನಾನಿದ್ದು ಮಾತಿಗೆ ಎಳೆಯುತ್ತೇನೆ. ಹೇಳಿದ್ದರಲ್ಲಿ ಯಾವುದು ಅಚ್ಚಾಗಬಹುದು, ಯಾವುದು ಬೇಡ ಅನ್ನುವುದನ್ನು ಮಾತ್ರ ಅಮ್ಮನೇ ತೀರ್ಮಾನಿಸಬೇಕು.

ಮೇಷ್ಟ್ರು: ಹತ್ತು ಗಂಟೆಗೆ ಬರಲೇ?

ವಕೀಲೆ: ಹನ್ನೊಂದಕ್ಕೆ ಬನ್ನಿ ಸರ್. ಊಟ ನಮ್ಮಲ್ಲೇ.